ಖಾನ್ ಸಿಂಗನಿಗೊಬ್ಬ ತಾಯಿ

ದಿಲ್ಲಿಯ ದರಿಯಾಗಂಜಿನ ಭಾನುವಾರದ ಹಳೆಯ ಪುಸ್ತಕಗಳ ಸಂತೆ ಇನ್ನೂ ರಸ್ತೆಯ ಬದಿಯಲ್ಲೇ ಕೂರುತ್ತಿದ್ದ ಕಾಲ. (೨೦೧೯ರಲ್ಲಿ ಅದನ್ನು ಅಲ್ಲಿಂದ ಎಬ್ಬಿಸಿ ಮಹಿಳಾ ಹಾಟಿನ ಆವರಣದೊಳಗೆ ಕೂರಿಸಿದರು. ಚೊಕ್ಕಟವಾಯಿತು ನಿಜ, ಆದರೆ ಎಡವಿ ಬಿದ್ದಲ್ಲೆಲ್ಲ ಪುಸ್ತಕ ಸಿಗುವ ಆ ಸುಖ ಹೋಯಿತು.) ನಾವು ಹುಡುಕಿಕೊಂಡು ಹೋದದ್ದು ಒಂದು ಹಳೆಯ ನಿಘಂಟನ್ನು, ಕೈಗೆ ಸಿಕ್ಕಿದ್ದು ಮೂಲೆ ಮಡಿಚಿದ ಒಂದು ಇಂಗ್ಲಿಷ್ ಕಾದಂಬರಿ. ಆಕಾಶನೌಕೆ, ನಕ್ಷತ್ರ ಇತ್ಯಾದಿ ಸರಂಜಾಮುಗಳ ‘ಸ್ಟಾರ್ ಟ್ರೆಕ್’ ಸರಣಿಯ ಪುಸ್ತಕ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಆ ಧಾರಾವಾಹಿ ಬರುತ್ತಿದ್ದಾಗ ನಮ್ಮ ಮಗ ತಿಂಡಿಯ ತಟ್ಟೆ ಹಿಡಿದು ಅದರ ಮುಂದೆ ಕೂತರೆ ಏಳುತ್ತಿರಲಿಲ್ಲ. ಆ ನೆನಪಿಗೆಂದೇ ಪುಸ್ತಕವನ್ನು ಎತ್ತಿಕೊಂಡೆವು. ಮುಖಪುಟದ ಮೇಲೆ ಖಾನ್ ನೂನಿಯನ್ ಸಿಂಗ್ ಎಂಬ ಹೆಸರಿತ್ತು. ಒಳಗೆ ಹಾಳೆ ತಿರುವಿದರೆ ೧೯೮೪ರ ದಿಲ್ಲಿ!

ನಕ್ಷತ್ರಲೋಕದ ಕಥೆಯಲ್ಲಿ ನಮ್ಮ ಊರಿನ ಆ ವರ್ಷವೇಕೆ ಬಂತು ಎಂದು ನಿಂತಲ್ಲೇ ನಾಲ್ಕಾರು ಪುಟ ಓದಿದೆವು. ಅಂಗಡಿಯವನು ಕೊಳ್ಳುವುದಾದರೆ ಕೊಳ್ಳಿ ಎಂಬಂತೆ ನೋಡಿದ, ಕೊಂಡುಕೊಂಡೆವು. ಆ ಪುಸ್ತಕದ ಹಿಂದುಮುಂದಿನ ಇತಿಹಾಸವನ್ನು ಅಂದಿನಿಂದ ಬಿಡಿಬಿಡಿಯಾಗಿ ಕೂಡಿಹಾಕಿದ್ದೇವೆ. ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು ಇಂಥ ಕಥೆಗಳನ್ನೇ ನೋಡಿ ಬೆಳೆಯುತ್ತಿರುವುದರಿಂದ ಹಿರಿಯರಿಗೂ ಅದು ಉಪಯೋಗಕ್ಕೆ ಬಂದೀತು.

ಮೊದಲು ಖಳನಾಯಕನ ಹುಟ್ಟು. ಸ್ಟಾರ್ ಟ್ರೆಕ್ ಅಮೆರಿಕದ ಟೆಲಿವಿಷನ್ನಿನಲ್ಲಿ ೧೯೬೬ರಲ್ಲಿ ಆರಂಭವಾಯಿತು. ಮರುವರ್ಷ, ಅಂದರೆ ೧೯೬೭ರ ಫೆಬ್ರವರಿ ೧೬ರಂದು, ‘ಸ್ಪೇಸ್ ಸೀಡ್’ ಎಂಬ ಕಂತು ಪ್ರಸಾರವಾಯಿತು. ಮೂರು ಶತಮಾನ ಮುಂದಿನ ಕಥೆ. ಎಂಟರ್‌ಪ್ರೈಸ್ ಎಂಬ ನೌಕೆಗೆ ಶೂನ್ಯದಲ್ಲಿ ತೇಲುತ್ತಿರುವ ಹಳೆಯ ಹಡಗೊಂದು ಸಿಗುತ್ತದೆ. ಅದರ ಹೆಸರು ಬಾಟನಿ ಬೇ. ಬ್ರಿಟಿಷರು ತಮ್ಮ ಕೈದಿಗಳನ್ನು ಸಾಗಿಸಲು ಗೊತ್ತುಮಾಡಿದ್ದ ಆಸ್ಟ್ರೇಲಿಯದ ಕೊಲ್ಲಿಯ ಹೆಸರು ಅದು. ಒಳಗೆ ಎಪ್ಪತ್ತಕ್ಕೂ ಹೆಚ್ಚು ಜನ ಗಾಜಿನ ಪೆಟ್ಟಿಗೆಗಳಲ್ಲಿ ಇನ್ನೂರು ವರ್ಷಗಳಿಂದ ನಿದ್ರಿಸುತ್ತಿದ್ದಾರೆ. ಅವರೆಲ್ಲ ವಿಜ್ಞಾನಿಗಳು ಆರಿಸಿ ತಳಿಯೆಬ್ಬಿಸಿದ ಅತಿಮಾನುಷರು. ೧೯೯೦ರ ದಶಕದಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಏಕಕಾಲಕ್ಕೆ ಅಧಿಕಾರ ಕಸಿದುಕೊಂಡವರು. ಅವರ ಅಗ್ರಗಣ್ಯ ಖಾನ್. ೧೯೯೨ರಿಂದ ೧೯೯೬ರವರೆಗೆ ಏಷ್ಯಾದಿಂದ ಮಧ್ಯಪ್ರಾಚ್ಯದವರೆಗೆ, ಜಗತ್ತಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಆಳಿದವನು.

ಅಂದರೆ, ಓದುಗರೇ, ಈ ಕಥೆಯ ಲೆಕ್ಕದಲ್ಲಿ ನಾವು ನೀವೆಲ್ಲ ನಾಲ್ಕು ವರ್ಷ ಖಾನನ ಪ್ರಜೆಗಳಾಗಿದ್ದೆವು. ಗ್ಯಾಸ್ ಸಿಲಿಂಡರಿಗೆ ಹೆಸರು ಬರೆಸಿ ಕಾಯುತ್ತಿದ್ದ ಆ ವರ್ಷಗಳಲ್ಲಿ ಇಂಥದೊಂದು ಸಾಮ್ರಾಜ್ಯದ ಸುಳಿವೂ ನಮಗೆ ಹತ್ತಲಿಲ್ಲ!

ಆತನ ಹೆಸರಿನದೇ ಒಂದು ಪುಟ್ಟ ಚರಿತ್ರೆಯಿದೆ. ಕೇರಿ ವಿಲ್ಬರ್ ಎಂಬ ಲೇಖಕ ಮೊದಲು ಬರೆದಾಗ ಈ ಪಾತ್ರ ಭಾರತೀಯನೇ ಅಲ್ಲ. ಹೆರಾಲ್ಡ್ ಎರಿಕ್ಸನ್ ಎಂಬ ಹೊಂಗೂದಲಿನ ಉತ್ತರ ಯೂರೋಪಿನವನು, ಬರಿಯ ಅಪರಾಧಿ. ನಿರ್ಮಾಪಕರಾದ ಜೀನ್ ಕೂನ್ ಮತ್ತು ಜೀನ್ ರಾಡನ್‌ಬರಿ ತಿದ್ದಿ ತಿದ್ದಿ ಅವನನ್ನು ಪದಚ್ಯುತ ದೊರೆಯಾಗಿಸಿದರು. ಪಾತ್ರಕ್ಕೆ ಮೆಕ್ಸಿಕೋದಲ್ಲಿ ಹುಟ್ಟಿದ ನಟ ರಿಕಾರ್ಡೋ ಮೊಂಟಲ್ಬಾನ್ ಗೊತ್ತಾದಮೇಲೆ ಹೊಂಗೂದಲು ಸಲ್ಲದೆಂದು ಸಿಬಾಲ್ ಖಾನ್ ನೂನಿಯನ್ ಎಂಬ ಹೆಸರಿಟ್ಟರು. ಕಥೆಗಳ ತಪ್ಪುಒಪ್ಪು ನೋಡುವ ಸಂಸ್ಥೆಯೊಂದು, ಸಿಖ್ಖನಾದರೆ ಗೋವಿನ್ ಬಹಾದುರ್ ಸಿಂಗ್ ಎಂದೇನಾದರೂ ಇಡಿ ಎಂದು ಸೂಚಿಸಿತಂತೆ. ರಾಡನ್‌ಬರಿಗೆ ಎರಡನೆಯ ಮಹಾಯುದ್ಧದ ಕಾಲದ ಪರಿಚಯಸ್ಥ ಕಿಮ್ ನೂನಿಯನ್ ಸಿಂಗ್ ಎಂಬಾತನ ನೆನಪು. ಟೆಲಿವಿಷನ್ನಿನಲ್ಲಿ ಹೆಸರು ಕೇಳಿಯಾದರೂ ಆತ ಓಗೊಟ್ಟಾನೆಂಬ ಆಸೆಯಿಂದ ಖಾನ್ ನೂನಿಯನ್ ಸಿಂಗ್ ಎಂದು ಗಟ್ಟಿಮಾಡಿದರೆಂದು ಹೇಳುವುದುಂಟು. ಖಾನ್ ಎಂಬುದು ಮಂಗೋಲರ, ತುರುಕರ ಬಿರುದು, ಸಿಂಗ್ ನಮ್ಮದು, ನಡುವಿನ ನೂನಿಯನ್ ಯಾವ ದೇಶದ್ದೋ ಪರಮಾತ್ಮನೇ ಬಲ್ಲ. ನೌಕೆಯಲ್ಲೊಬ್ಬಳು ಇತಿಹಾಸಕಾರ್ತಿ, ಮಾರ್ಲಾ ಮೆಕ್‌ಗಿವರ್ಸ್. ಮಲಗಿದ್ದವನ ಮುಖ ನೋಡಿದ ಮಾತ್ರಕ್ಕೆ ಇವನು ಉತ್ತರ ಭಾರತದವನು, ಬಹುಶಃ ಸಿಖ್ಖ ಎಂದು ಊಹಿಸುತ್ತಾಳೆ. ಆಮೇಲೆ ಅವನಿಗೆ ಪೇಟ ಸುತ್ತಿ ಚಿತ್ರವನ್ನೂ ಬರೆಯುತ್ತಾಳೆ. ತೆರೆಯ ಮೇಲಿನ ಆಸಾಮಿಗೆ ಮಾತ್ರ ಪೇಟವೂ ಇಲ್ಲ, ಗಡ್ಡವೂ ಇಲ್ಲ.

ನಗು ಬಂದರೂ ಒಂದು ಮಾತನ್ನು ಒಪ್ಪಬೇಕು. ೧೯೬೭ರ ಅಮೆರಿಕದಲ್ಲಿ ಮನುಷ್ಯರಲ್ಲೆಲ್ಲ ಶ್ರೇಷ್ಠನಾದವನೆಂದು ಬಿಳಿಯನಲ್ಲದವನೊಬ್ಬನನ್ನು ತೋರಿಸಿದ್ದು ಸಣ್ಣ ಸಂಗತಿಯಲ್ಲ. ಸುಪ್ರಜನನಶಾಸ್ತ್ರವೆಂಬ ಹೆಸರಿನಲ್ಲಿ ಗಾಲ್ಟನ್ ೧೮೮೩ರಲ್ಲಿ ನೆಟ್ಟ ವಿಚಾರದಿಂದ ಎಷ್ಟು ಕೇಡಾಯಿತೆಂಬುದು ಗೊತ್ತೇ ಇದೆ. ಅಮೆರಿಕದ ಇಂಡಿಯಾನಾ ರಾಜ್ಯ ‘ಅಯೋಗ್ಯ’ರೆಂದು ಎಣಿಸಿದವರ ಸಂತಾನಶಕ್ತಿ ಹರಿಸುವ ಕಾನೂನನ್ನು ೧೯೦೭ರಲ್ಲೇ ಮಾಡಿತ್ತು, ೧೯೩೩ರಲ್ಲಿ ಹಿಟ್ಲರನ ಜರ್ಮನಿ ಅಂಥದನ್ನೇ ಮಾಡಿತು. ಆ ಶಾಸ್ತ್ರದ ಕಣ್ಣಿನಲ್ಲಿ ಉತ್ತಮ ತಳಿಯೆಂದರೆ ಬಿಳಿಯ ತಳಿ. ಅದರ ಪರಮಫಲವೆಂದು ಒಬ್ಬ ಸಿಂಗನನ್ನು ನಿಲ್ಲಿಸಿದ್ದರಲ್ಲಿ, ಬೇಕೆಂದೋ ಬೇಡದೆಯೋ, ಒಂದು ಚೇಷ್ಟೆಯಿದೆ.

ಆ ಕಂತಿನಲ್ಲಿ ಖಾನ್ ಪೂರ್ತಿ ರಾಕ್ಷಸನೇನೂ ಅಲ್ಲ. ನೌಕೆಯ ಅಧಿಕಾರಿಗಳು ಮೇಜಿನ ಸುತ್ತ ಕೂತು ಅವನ ಆಳ್ವಿಕೆಯನ್ನು ಚರ್ಚಿಸುವ ಒಂದು ದೃಶ್ಯವುಂಟು. ಅವನ ರಾಜ್ಯದಲ್ಲಿ ಸಾಮೂಹಿಕ ಕೊಲೆಗಳಾಗಲಿಲ್ಲ, ತಾನಾಗಿ ಯಾರ ಮೇಲೂ ಯುದ್ಧಕ್ಕೆ ಹೋಗಲಿಲ್ಲ ಎಂದು ಕ್ಯಾಪ್ಟನ್ ಕರ್ಕ್ ಮತ್ತು ಸಂಗಡಿಗರು ಮೆಚ್ಚಿಗೆಯಿಂದಲೇ ಮಾತಾಡುತ್ತಾರೆ. ಸ್ವಾತಂತ್ರ್ಯವೂ ಹೆಚ್ಚೇನಿರಲಿಲ್ಲವಲ್ಲ ಎಂದು ಸ್ಪಾಕ್ ನೆನಪಿಸಬೇಕಾಗುತ್ತದೆ. ಮುಂದೆ ಖಾನ್ ನೌಕೆಯನ್ನೇ ವಶಪಡಿಸಿಕೊಳ್ಳಲು ಹೊರಟು ಸೋಲುತ್ತಾನೆ. ಕರ್ಕ್ ಅವನನ್ನು ಸೆರೆಗೆ ಹಾಕುವುದಿಲ್ಲ. ಸೆಟಿ ಆಲ್ಫಾ ಐದು ಎಂಬ ಕಾಡುಗ್ರಹವನ್ನು ಕೊಟ್ಟು ಬಾಳಿ ತೋರಿಸು ಎನ್ನುತ್ತಾನೆ. ಮೋಹಗೊಂಡು ನೌಕೆಗೆ ದ್ರೋಹ ಬಗೆದು, ಕೊನೆಗಳಿಗೆಯಲ್ಲಿ ಎಚ್ಚೆತ್ತ ಮಾರ್ಲಾ ವಿಚಾರಣೆಗಿಂತ ಅವನ ಜೊತೆಯ ವನವಾಸವನ್ನೇ ಆರಿಸಿಕೊಳ್ಳುತ್ತಾಳೆ. ಈ ಬೀಜದಿಂದ ನೂರು ವರ್ಷದ ಮೇಲೆ ಎಂಥ ಬೆಳೆ ಬಂದಿರುವುದೋ ನೋಡಬೇಕೆನ್ನಿಸುತ್ತದೆಂಬ ಸ್ಪಾಕನ ಕುತೂಹಲದೊಂದಿಗೆ ಕಥೆ ನಿಲ್ಲುತ್ತದೆ.

ಬೆಳೆ ಬಂದದ್ದು ಹದಿನೈದೇ ವರ್ಷಕ್ಕೆ. ೧೯೮೨ರ ಜೂನ್‌ನಲ್ಲಿ ನಿಕೊಲಸ್ ಮೇಯರ್ ನಿರ್ದೇಶಿಸಿದ ‘ದಿ ರಾತ್ ಆಫ್ ಖಾನ್’ ಚಿತ್ರ ತೆರೆಕಂಡಿತು. ವನವಾಸದ ಆರೇ ತಿಂಗಳಿಗೆ ಪಕ್ಕದ ಗ್ರಹ ಸಿಡಿದು ಖಾನನ ಗ್ರಹ ಮರಳುಗಾಡಾಗಿದೆ. ಕಿವಿಯೊಳಗೆ ಹೊಕ್ಕು ಮಿದುಳನ್ನು ಸುತ್ತುವ ಒಂದು ಹುಳು ಅವನ ಇಪ್ಪತ್ತು ಜನರನ್ನು ತಿಂದಿದೆ, ಹೆಂಡತಿಯನ್ನೂ ಕೂಡಿ. ಯಾರೂ ಬಂದು ಕೇಳಲಿಲ್ಲ. ಹೀಗೆ ಸುಟ್ಟು ಬೂದಿಯಾದ ಮನುಷ್ಯ ಕರ್ಕನ ಮೇಲೆ ಸೇಡಿಗೆಂದು ಹೊರಟು, ತಾನೂ ಅಳಿದು, ಸ್ಪಾಕನ ಸಾವಿಗೂ ಕಾರಣನಾಗುತ್ತಾನೆ. ಚಿತ್ರ ಬಹಳ ಚೆನ್ನಾಗಿದೆ, ಆ ಮಾತು ಬೇರೆ. ಆದರೆ ಆಳಿದವನು, ಓದಿದವನು, ಬಾಳಿ ತೋರಿಸುತ್ತೇನೆಂದು ಹೊರಟವನು ಅಲ್ಲಿ ಉಳಿದಿಲ್ಲ. ಉಳಿದದ್ದು ಕೋಪ ಒಂದೇ. ಕಂತಿನಲ್ಲಿ ನಾನಾ ಜನಾಂಗದವರೆಂದಿದ್ದ ಅನುಯಾಯಿಗಳು ಇಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೊಂಗೂದಲಿನ ಹುಡುಗರು. ಕಂತಿನ ಕಾಲಕ್ಕೆ ಸರಣಿಗೇ ಸೇರಿರದ ಚೆಕಾವ್ ಎಂಬ ಅಧಿಕಾರಿಯ ಮುಖವನ್ನು ಖಾನ್ ಗುರುತುಹಿಡಿಯುವುದಂತೂ ಅಭಿಮಾನಿಗಳ ನಡುವೆ ಹೆಸರುವಾಸಿಯಾದ ಪ್ರಮಾದ.

ಇಂಥ ತೂತುಗಳಿಗೆ ತೇಪೆ ಹಾಕುವುದೇ ಬಾಲಂಗೋಚಿ ಕಾದಂಬರಿಗಳ ಕಸುಬು. ಯಾವುದೋ ಚಿತ್ರಕ್ಕೆ, ಧಾರಾವಾಹಿಗೆ ಅಂಟಿಕೊಂಡು, ಒಡೆಯರ ಅಪ್ಪಣೆ ಪಡೆದು ಬರೆಯುವ ಕಾದಂಬರಿಗೆ ಇಂಗ್ಲಿಷಿನವರು ಟೈ-ಇನ್ ಎನ್ನುತ್ತಾರೆ. ನಮಗೆ ಬಾಲಂಗೋಚಿ ಎಂಬ ಮಾತೇ ಸರಿಯೆನಿಸುತ್ತದೆ. ಪಟಕ್ಕೆ ಬಾಲಂಗೋಚಿ ಬೇಕು, ಆದರೆ ಪಟ ಎತ್ತ ಹಾರಬೇಕೆಂದು ಅದು ಹೇಳುವಂತಿಲ್ಲ. ಸ್ಟಾರ್ ಟ್ರೆಕ್‌ಗೆ ಇಂಥವು ೧೯೬೭ರಲ್ಲೇ ಜೇಮ್ಸ್ ಬ್ಲಿಷ್ ಕಂತುಗಳನ್ನು ಕಥೆಗಳಾಗಿ ಬರೆದಾಗಿನಿಂದ ಬರುತ್ತಿವೆ; ಈಗ ಕಪಾಟುಗಟ್ಟಲೆ ಇವೆ. ಇವಕ್ಕೊಂದು ಕಟ್ಟುನಿಟ್ಟಾದ ಧರ್ಮಶಾಸ್ತ್ರವಿದೆ. ತೆರೆಯ ಮೇಲೆ ಬಂದದ್ದು ಶ್ರುತಿ, ಪುಸ್ತಕದಲ್ಲಿ ಬಂದದ್ದು ಸ್ಮೃತಿ. ಎರಡಕ್ಕೂ ವಿರೋಧ ಬಂದರೆ ಶ್ರುತಿಯೇ ಪ್ರಮಾಣ. ಖಾನ್ ಸೋತು, ಕೆರಳಿ, ಸಾಯಬೇಕೆಂಬುದು ಶ್ರುತಿವಾಕ್ಯ. ಅದನ್ನು ಕದಲಿಸದೆ ಅವನನ್ನು ಉದ್ಧಾರ ಮಾಡುವುದು ಹೇಗೆ?

ಈ ಕೆಲಸಕ್ಕೆ ಕೈಹಾಕಿದವರು ಗ್ರೆಗ್ ಕಾಕ್ಸ್ ಎಂಬ ಅಮೆರಿಕದ ಲೇಖಕರು. ‘ದಿ ಯೂಜೆನಿಕ್ಸ್ ವಾರ್ಸ್’ ಎಂಬ ಎರಡು ಸಂಪುಟಗಳು ೨೦೦೧ ಮತ್ತು ೨೦೦೨ರಲ್ಲಿ ಬಂದವು. ಮೂರನೆಯದಾಗಿ ‘ಟು ರೇನ್ ಇನ್ ಹೆಲ್’ ೨೦೦೫ರಲ್ಲಿ. ನಮ್ಮ ಕೈಗೆ ಸಿಕ್ಕಿದ್ದು ಮೊದಲನೆಯ ಸಂಪುಟ. ಅವರ ಮುಂದಿದ್ದ ಕಷ್ಟವನ್ನು ನೋಡಿ: ೧೯೬೭ರಲ್ಲಿ ೧೯೯೬ ಎಂದರೆ ಬಲು ದೂರದ ಭವಿಷ್ಯ. ೨೦೦೧ರ ಹೊತ್ತಿಗೆ ೧೯೯೬ ಕಳೆದುಹೋಗಿತ್ತು, ಯಾವ ಅತಿಮಾನುಷನೂ ಕಾಲು ಜಗತ್ತನ್ನು ಆಳಿರಲಿಲ್ಲ. ಕಾಕ್ಸ್ ಕಂಡುಕೊಂಡ ಉಪಾಯ ಸೊಗಸಾಗಿದೆ. ಆ ಯುದ್ಧ ನಡೆದದ್ದು ನಿಜ, ಆದರೆ ಗುಟ್ಟಾಗಿ ನಡೆಯಿತು. ನಾವು ಪತ್ರಿಕೆಯಲ್ಲಿ ಓದಿದ ಗಲಭೆ, ಯುದ್ಧ, ಅನಾಹುತಗಳ ಹಿಂದೆ ಖಾನ್ ಮತ್ತು ಅವನ ಸೋದರ ಅತಿಮಾನುಷರ ಕೈವಾಡವಿತ್ತು ಎನ್ನುವುದು. ಹೀಗಾಗಿ ಅವರು ಬರೆದದ್ದು ಭವಿಷ್ಯದ ಕಾದಂಬರಿಯಾಗದೆ ನಾವು ಬದುಕಿದ ಕಾಲದ ಒಂದು ಬಗೆಯ ಐತಿಹಾಸಿಕ ಕಾದಂಬರಿಯಾಯಿತು.

ಖಾನನಿಗೆ ಅವರು ಕೊಟ್ಟ ಮೊದಲ ಉಡುಗೊರೆ ತಾಯಿ. ಟೆಲಿವಿಷನ್ನಿನ ಖಾನ್ ಪ್ರಯೋಗಶಾಲೆಯ ಫಲ. ಅವನಿಗೆ ಮನೆಯಿಲ್ಲ, ಭಾಷೆಯಿಲ್ಲ. ಕಾಕ್ಸರ ಖಾನನಿಗೆ ಸರೀನಾ ಕೌರ್ ಎಂಬ ತಾಯಿ. ಆಕೆ ಪ್ರಚಂಡ ತಳಿವಿಜ್ಞಾನಿ. ರಾಜಸ್ಥಾನದ ಮರುಭೂಮಿಯ ನೆಲದಡಿ ‘ಕ್ರಿಸಲಿಸ್’ ಎಂಬ ಗುಪ್ತ ಯೋಜನೆ ನಡೆಸುತ್ತಾಳೆ. ಉತ್ತಮರನ್ನು ತಯಾರಿಸುವುದು, ಬಳಿಕ ಮಾಂಸ ತಿನ್ನುವ ಸೂಕ್ಷ್ಮಜೀವಿಯನ್ನು ಬಿಟ್ಟು ಉಳಿದವರನ್ನು ಒರೆಸಿಹಾಕುವುದು ಅವಳ ಹಂಚಿಕೆ. ಕಾಲ ೧೯೭೪. ಆ ವರ್ಷವನ್ನು ಆರಿಸಿದ್ದರಲ್ಲಿ ಲೇಖಕರ ಜಾಣ್ಮೆ ಎದ್ದುಕಾಣುತ್ತದೆ. ಒಂದು ಜೀವಿಯ ವಂಶವಾಹಿಯನ್ನು ಕತ್ತರಿಸಿ ಇನ್ನೊಂದಕ್ಕೆ ಹೊಲಿಯುವ ವಿದ್ಯೆ ೧೯೭೩ರಲ್ಲಿ ಕೈಗೂಡಿತ್ತು. ೧೯೭೪ರ ಜುಲೈನಲ್ಲಿ ಪಾಲ್ ಬರ್ಗ್ ಮೊದಲಾದ ವಿಜ್ಞಾನಿಗಳೇ ಇದು ಅಪಾಯ, ಸ್ವಲ್ಪ ನಿಲ್ಲಿಸೋಣ ಎಂದು ಬಹಿರಂಗ ಪತ್ರ ಬರೆದರು. ೧೯೭೫ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್‌ನಲ್ಲಿ ಕೂತು ನಿಯಮಗಳನ್ನು ಮಾಡಿಕೊಂಡರು. ಅದೇ ೧೯೭೪ರ ಮೇ ೧೮ರಂದು ಪೋಖ್ರಾನಿನಲ್ಲಿ ನಮ್ಮ ಮೊದಲ ಅಣುಸ್ಫೋಟ. ರಾಜಸ್ಥಾನದ ನೆಲ ನಡುಗಿದ್ದು ನಿಜವೇ ಆದ್ದರಿಂದ ಕಾಕ್ಸ್ ತಮ್ಮ ಭೂಗತ ಪ್ರಯೋಗಶಾಲೆಯ ನಾಶವನ್ನು ಅದರ ಜೊತೆಗೇ ಹೆಣೆದುಬಿಟ್ಟರು! ತಾಯಿ ಅಲ್ಲೇ ಸಾಯುತ್ತಾಳೆ. ಮಕ್ಕಳು ಜಗತ್ತಿನ ಮೂಲೆಮೂಲೆಗೆ ಚದುರಿಹೋಗುತ್ತಾರೆ. ನಾಲ್ಕು ವರ್ಷದ ಖಾನನ ಮನಸ್ಸಿನಲ್ಲಿ ಉಳಿಯುವುದು, ನೀನು ಆಳಲೆಂದೇ ಹುಟ್ಟಿದವನೆಂಬ ತಾಯಿಯ ಬೋಧೆ.

ಹತ್ತು ವರ್ಷ ದಾಟಿ ಕಥೆ ೧೯೮೪ಕ್ಕೆ ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಆ ವರ್ಷದ ಅಕ್ಟೋಬರ್ ೩೧ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರನ್ನು ಅವರ ಇಬ್ಬರು ಅಂಗರಕ್ಷಕರು ಕೊಂದರು, ಇಬ್ಬರೂ ಸಿಖ್ಖರು. ಮರುದಿನದಿಂದ ಮೂರು ದಿನ ರಾಜಧಾನಿಯಲ್ಲಿ ನಡೆದದ್ದನ್ನು ಗಲಭೆಯೆಂದು ಕರೆಯುವುದು ವಾಡಿಕೆ. ಗಲಭೆಗೆ ಎರಡು ಪಕ್ಷ ಬೇಕು, ಇಲ್ಲಿದ್ದದ್ದು ಒಂದೇ. ದಿಲ್ಲಿಯೊಂದರಲ್ಲೇ ಸತ್ತವರು ೨೭೩೩ ಎಂಬುದು ಸರ್ಕಾರದ್ದೇ ಸಮಿತಿ ೧೯೮೭ರಲ್ಲಿ ಕೊಟ್ಟ ಲೆಕ್ಕ. ಕಾದಂಬರಿಯ ಖಾನ್ ಆಗ ಹದಿನಾಲ್ಕರ ಹುಡುಗ. ದಿಲ್ಲಿಯ ಬೀದಿಯಲ್ಲಿ ಗುಂಪೊಂದು ಅವನ ಬೆನ್ನು ಹತ್ತುತ್ತದೆ. ಅತಿಮಾನುಷನಾದರೂ ಗುಂಪಿನ ಎದುರು ಒಬ್ಬನೇ. ಆಗ ಗ್ಯಾರಿ ಸೆವೆನ್ ಎಂಬ ರಹಸ್ಯ ಪುರುಷ ಬಂದು ಅವನನ್ನು ಪಾರುಮಾಡುತ್ತಾನೆ; ಸ್ಟಾರ್ ಟ್ರೆಕ್‌ನ ೧೯೬೮ರ ಕಂತೊಂದರಿಂದ ಎರವಲು ತಂದ ಪಾತ್ರವದು, ನೀಲಿ ಹೊಗೆಯೊಳಗಿಂದ ಬರುವುದು ಹೋಗುವುದು ಅವನ ರೀತಿ. ಸೆವೆನ್ ಈ ಹುಡುಗನನ್ನು ಒಳ್ಳೆಯದಕ್ಕೆ ಬಳಸೋಣವೆಂದು ಪಳಗಿಸುತ್ತಾನೆ. ಆದರೆ ಸಾಮಾನ್ಯ ಜನರ ಕೈಗೆ ಜಗತ್ತನ್ನು ಬಿಟ್ಟರೆ ಏನಾಗುತ್ತದೆಂದು ಆ ದಿನ ಕಣ್ಣಾರೆ ಕಂಡವನಿಗೆ, ತಾನೇ ಆಳಬೇಕೆಂಬ ಹಟ ಬೇರೂರುತ್ತದೆ. ಗುರುವನ್ನು ಬಿಟ್ಟು ಹೋಗುತ್ತಾನೆ. ಎರಡನೆಯ ಸಂಪುಟದ ಕೊನೆಗೆ, ಇಡೀ ಭೂಮಿಯ ಜೀವಕ್ಕೇ ಬೆದರಿಕೆಯೊಡ್ಡುವ ಮಟ್ಟಕ್ಕೆ ಬಂದ ಶಿಷ್ಯನಿಗೆ ಸೆವೆನ್ ಬಾಟನಿ ಬೇ ಹಡಗನ್ನು ಕೊಟ್ಟು ೧೯೯೬ರಲ್ಲಿ ಆಕಾಶಕ್ಕೆ ಕಳಿಸಿಕೊಡುತ್ತಾನೆ.

ದರಿಯಾಗಂಜಿನ ರಸ್ತೆಬದಿಯಲ್ಲಿ ನಿಂತು ಆ ದಿಲ್ಲಿಯ ಪುಟಗಳನ್ನು ಓದಿದಾಗ ಮೊದಲು ನಮಗೆ ಬಂದದ್ದು ಸಿಟ್ಟು. ನಮ್ಮ ಊರಿನ ಸಾವುಗಳು ಯಾರದೋ ಆಕಾಶಕಥೆಗೆ ಸೌದೆಯಾದವೇ ಎನ್ನಿಸಿತು. ಆಗ ನಾವು ದಕ್ಷಿಣ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಎದುರು ಮನೆಯಲ್ಲಿ ಬೇರೊಂದು ಇಲಾಖೆಯ ಗುಮಾಸ್ತರಾಗಿದ್ದ ಒಬ್ಬ ಸರ್ದಾರ್ಜಿಯ ಸಂಸಾರ. ಇಬ್ಬರು ಗಂಡುಮಕ್ಕಳು, ದೊಡ್ಡವನಿಗೆ ಹದಿನಾಲ್ಕು ವರ್ಷ. ನವೆಂಬರ್ ಒಂದರ ಮಧ್ಯಾಹ್ನ ಬಸ್‌ಸ್ಟಾಂಡಿನ ಕಡೆಯಿಂದ ಹೊಗೆ ಕಂಡಾಗ ನಮ್ಮ ತಾಯಿಯವರು, ಆಗ ಊರಿನಿಂದ ಬಂದಿದ್ದವರು, ಹಿಂದಿಯ ನಾಲ್ಕು ಶಬ್ದ ಬಾರದವರು, ಎದುರು ಮನೆಗೆ ಹೋಗಿ ಆ ಹುಡುಗರಿಬ್ಬರ ಕೈ ಹಿಡಿದು ಕರೆತಂದು ದೇವರ ಗೂಡಿನ ಪಕ್ಕದ ಉಗ್ರಾಣದಲ್ಲಿ ಕೂರಿಸಿದರು. ಹೊರಗೆ ಬೀಗ, ಕೀಲಿಕೈ ಸೊಂಟಕ್ಕೆ. ಗಂಡಹೆಂಡಿರು ಮೇಲಿನ ಬಂಗಾಳಿಯವರ ಮನೆಯಲ್ಲಿ. ಹೀಗೆ ಮೂರು ರಾತ್ರಿ. ಎರಡನೆಯ ದಿನ ಹತ್ತಿಪ್ಪತ್ತು ಜನ ಬ್ಲಾಕಿನ ಕೆಳಗೆ ಬಂದು ಕೂಗಾಡಿದರು, ಚೌಕೀದಾರ ಇಲ್ಲಿ ಯಾರೂ ಇಲ್ಲವೆಂದ, ಹೊರಟುಹೋದರು. ಹೇಳಿಕೊಳ್ಳುವಂಥ ಸಾಹಸವೇನೂ ಅಲ್ಲ. ದಿಲ್ಲಿಯ ಎಷ್ಟೋ ಮನೆಗಳಲ್ಲಿ ಹೀಗಾಯಿತು, ಇನ್ನೆಷ್ಟೋ ಕಡೆ ಆಗಲಿಲ್ಲ. ತ್ರಿಲೋಕಪುರಿಯಲ್ಲಿ ಬಾಗಿಲು ತೆರೆಯುವವರಿಗಿಂತ ಒಡೆಯುವವರೇ ಹೆಚ್ಚಿದ್ದರು. ಹುಡುಗನ ತಂದೆ ಒಂದು ವಾರದ ಮೇಲೆ ಕಚೇರಿಗೆ ಹೋದಾಗ ಅವರ ತಲೆಯ ಮೇಲೆ ಪೇಟವಿರಲಿಲ್ಲ, ಮುಖದಲ್ಲಿ ಗಡ್ಡವಿರಲಿಲ್ಲ. ನಾವು ಯಾರೂ ಅವರನ್ನು ನೇರವಾಗಿ ನೋಡಲಿಲ್ಲ.

ಈ ನೆನಪನ್ನು ಇಟ್ಟುಕೊಂಡು ಓದುವವರಿಗೆ ಕಾಕ್ಸರ ತರ್ಕ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಸುಟ್ಟ ಬೀದಿಯಿಂದ ಬಂದ ಹುಡುಗ ಸರ್ವಾಧಿಕಾರಿಯಾದನೆಂದರೆ, ಆ ಬೀದಿಯಿಂದ ಬಂದ ಉಳಿದ ಸಾವಿರಾರು ಹುಡುಗರ ಮಾತೇನು? ಆದರೆ ಒಂದು ನ್ಯಾಯವನ್ನೂ ಹೇಳಬೇಕು. ೨೦೦೧ರಲ್ಲಿ ಆ ಘಟನೆಯನ್ನು ಓದಿ ತಿಳಿದು, ಸಾಮಾನ್ಯ ಓದುಗ ರೈಲಿನಲ್ಲಿ ಓದಿ ಬಿಸಾಡುವ ಪುಸ್ತಕದಲ್ಲಿ ಬರೆದ ಅಮೆರಿಕನ್ನರೆಷ್ಟು ಮಂದಿ? ಅಪರಾಧಿಗಳ ಬಗ್ಗೆ ನಾನಾವತಿ ಆಯೋಗದ ವರದಿ ನಮ್ಮಲ್ಲಿ ಬಂದದ್ದೇ ೨೦೦೫ರಲ್ಲಿ. ದಿಲ್ಲಿಯಿಂದ ಹೊರಗಿನ ಎಷ್ಟೋ ಮಕ್ಕಳು ೧೯೮೪ರ ಹೆಸರನ್ನು ಮೊದಲು ಕೇಳಿದ್ದು ಶಾಲೆಯ ಪಾಠದಲ್ಲಲ್ಲ. ಕಾಕ್ಸ್ ಆ ಸಂಗತಿಯನ್ನು ಅಲಂಕಾರಕ್ಕೆ ತಂದಿಲ್ಲ; ಖಾನನ ಬಾಳಿನ ತಿರುವೇ ಅದು. ಸಿಟ್ಟು ಇಳಿದ ಮೇಲೆ ನಮಗೆ ಅವರ ಮೇಲೆ ಗೌರವವೇ ಹುಟ್ಟಿತು, ಪೂರ್ತಿ ಒಪ್ಪಿಗೆ ಹುಟ್ಟದಿದ್ದರೂ.

ಮೂರನೆಯ ಪುಸ್ತಕ ನಮ್ಮ ಮಟ್ಟಿಗೆ ಇವುಗಳಲ್ಲೆಲ್ಲ ಉತ್ತಮ. ಹೆಸರು ಮಿಲ್ಟನ್ನನ ಮಹಾಕಾವ್ಯದಿಂದ ಬಂದದ್ದು; ೧೯೬೭ರ ಕಂತಿನ ಕೊನೆಯಲ್ಲಿ ಖಾನನೂ ಆ ಕಾವ್ಯವನ್ನೇ ನೆನೆದಿದ್ದ. ಖಾನ್ ಸತ್ತ ಮೇಲೆ ಕರ್ಕ್ ಆ ಮರಳುಗ್ರಹಕ್ಕೆ ಹಿಂದಿರುಗಿ, ಅಲ್ಲಿ ಉಳಿದ ಬರಹಗಳಿಂದ, ತಾನು ಬಿಟ್ಟುಹೋದ ಜನಕ್ಕೆ ಏನಾಯಿತೆಂದು ತಿಳಿಯುವ ಕಥೆ ಅದು. ಊರು ಕಟ್ಟುವ ಖಾನ್, ಹೆಂಡತಿಯೊಡನೆ ಸಂಸಾರ ಹೂಡುವ ಖಾನ್, ಒಂದೊಂದಾಗಿ ಹೆಣಗಳನ್ನು ಹೂಳುವ ಖಾನ್ ಇಲ್ಲಿದ್ದಾನೆ. ಮುಂದೇನಾಗುತ್ತದೆಂದು ಓದುಗನಿಗೆ ಗೊತ್ತು. ಗ್ರಹ ಸಿಡಿಯುತ್ತದೆ, ಮಾರ್ಲಾ ಸಾಯುತ್ತಾಳೆ. ಗೊತ್ತಿದ್ದೂ, ಸಾಯದಿದ್ದರೆ ಆಗದೇ ಎಂದು ಕಾಯುವಂತೆ ಬರೆದಿದ್ದಾರೆ.

ಕನ್ನಡದವರಿಗೆ ಈ ವಿದ್ಯೆ ಹೊಸದಲ್ಲ. ರನ್ನನಿಗೂ ಕೈ ಕಟ್ಟಿತ್ತು: ಭೀಮನೇ ನಾಯಕ, ಅವನೇ ಗೆಲ್ಲಬೇಕು, ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಬೇಕು. ಆದರೂ ಗದಾಯುದ್ಧ ಓದಿದವರ ಮನಸ್ಸಿನಲ್ಲಿ ಕೊನೆಗೆ ಉಳಿಯುವವನು ರಣರಂಗದಲ್ಲಿ ಹಗೆಯ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು ಮೆಚ್ಚುವ ದುರ್ಯೋಧನ. ನಾಗಚಂದ್ರನ ರಾವಣ, ಸೀತೆಯ ಸ್ಥಿತಿ ಕಂಡು ಮನಸ್ಸು ತಿರುಗಿ, ಯುದ್ಧದಲ್ಲಿ ಗೆದ್ದು ಒಪ್ಪಿಸುತ್ತೇನೆ ಎನ್ನುತ್ತಾನೆ. ಸಾವು ತಪ್ಪುವುದಿಲ್ಲ, ಸಾಯುವವನು ಬೇರೆಯಾಗಿರುತ್ತಾನೆ. ಕಾಕ್ಸರನ್ನು ರನ್ನನ ಪಕ್ಕ ಕೂರಿಸುತ್ತಿಲ್ಲ; ಅಷ್ಟು ಬುದ್ಧಿಗೇಡಿಗಳಲ್ಲ ನಾವು. ಕಥೆಯ ಕೊನೆಯನ್ನು ಮುಟ್ಟದೆ ಖಳನನ್ನು ಮನುಷ್ಯನನ್ನಾಗಿಸುವ ಕಷ್ಟ ಇಬ್ಬರಿಗೂ ಒಂದೇ ಎಂದಷ್ಟೇ ಹೇಳುತ್ತಿದ್ದೇವೆ.

ಒಂದು ಕೊರತೆ ಮಾತ್ರ ನಮ್ಮನ್ನು ಬಿಡದೆ ಕಾಡುತ್ತದೆ. ಮೂರು ಪುಸ್ತಕಗಳ ಉದ್ಧಾರಕಾರ್ಯವೆಲ್ಲ ಖಾನನ ದುಃಖದ ಮೇಲೆ ನಿಂತಿದೆ: ತಾಯಿಯ ಸಾವು, ದಿಲ್ಲಿಯ ಬೀದಿ, ಹೆಂಡತಿಯ ಸಾವು. ದುಃಖ ದೊಡ್ಡದು, ಸರಿ. ಅವನು ಆಳಿದ ಕಾಲು ಜಗತ್ತಿನ ಜನ ಏನೆಂದುಕೊಂಡರು? ಸಾಮೂಹಿಕ ಕೊಲೆ ನಡೆಯಲಿಲ್ಲವೆಂಬುದು ಆಳುವವನಿಗೆ ಸರ್ಟಿಫಿಕೇಟಾಗಬಹುದು. ಸ್ಪಾಕ್ ೧೯೬೭ರಲ್ಲಿ ತೆಗೆದ ಆಕ್ಷೇಪ ಇನ್ನೂ ಹಾಗೇ ನಿಂತಿದೆ.

ಮುಂದಿನ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ೨೦೧೩ರ ‘ಇಂಟು ಡಾರ್ಕ್‌ನೆಸ್’ ಚಿತ್ರದಲ್ಲಿ ಖಾನನಾಗಿ ಬಂದವರು ಬೆನೆಡಿಕ್ಟ್ ಕಂಬರ್‌ಬ್ಯಾಚ್ ಎಂಬ ಇಂಗ್ಲಿಷ್ ನಟ, ಹಾಲಿನಂಥ ಬಿಳುಪು. ಸಿಂಗನನ್ನು ಸುಣ್ಣದಲ್ಲಿ ಅದ್ದಿದರೆಂದು ಅಲ್ಲಿನ ಅಭಿಮಾನಿಗಳೇ ಕೂಗೆಬ್ಬಿಸಿದರು. ೨೦೨೩ರ ಹೊಸ ಧಾರಾವಾಹಿಯ ಒಂದು ಕಂತಿನಲ್ಲಿ ಖಾನನ ವಂಶದ ಹೆಣ್ಣುಮಗಳೊಬ್ಬಳು ಕಾಲದಲ್ಲಿ ಹಿಂದಕ್ಕೆ ಹೋಗಿ, ಟೊರಾಂಟೋ ನಗರದಲ್ಲಿ ಮಗು ಖಾನನನ್ನು ಕಾಣುತ್ತಾಳೆ. ಕೊಂದರೆ ಕೋಟಿ ಜೀವ ಉಳಿಯುತ್ತವೆ, ಆದರೂ ಕೊಲ್ಲುವುದಿಲ್ಲ. ಕಾಲಚಕ್ರ ಅಲ್ಲಾಡಿ ಅವನ ಹುಟ್ಟು ತಡವಾಯಿತೆಂದೂ ಅಲ್ಲಿ ಹೇಳಿಸಿದರು. ಹೀಗೆ ಶ್ರುತಿಯೇ ಬದಲಾಗಿ, ಕಾಕ್ಸರ ೧೯೭೪, ೧೯೮೪ ಎಲ್ಲ ಅಪ್ರಮಾಣವಾದವು. ೨೦೨೫ರ ಸೆಪ್ಟೆಂಬರಿನಲ್ಲಿ ‘ಸ್ಟಾರ್ ಟ್ರೆಕ್: ಖಾನ್’ ಎಂಬ ಧ್ವನಿನಾಟಕ ಶುರುವಾಯಿತು, ಕಥೆ ೧೯೮೨ರ ಚಿತ್ರದ ನಿರ್ದೇಶಕ ಮೇಯರ್ ಅವರದೇ, ವಸ್ತು ಕಾಕ್ಸರ ಮೂರನೆಯ ಪುಸ್ತಕದ್ದೇ, ಅಂದರೆ ವನವಾಸ. ಖಾನನ ಧ್ವನಿ ನವೀನ್ ಆಂಡ್ರ್ಯೂಸ್ ಅವರದು. ಲಂಡನ್ನಿನಲ್ಲಿ ಹುಟ್ಟಿದವರು, ತಂದೆತಾಯಿ ಕೇರಳದವರು. ಸಿಂಗನ ಪಾತ್ರ ಅರವತ್ತು ವರ್ಷ ಸುತ್ತಾಡಿ ಮಲಯಾಳಿ ಮೂಲದವರ ಬಾಯಿಗೆ ಬಂದಿದೆ. ಮೊಮ್ಮಗಳು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಾಳೆ. ಪುಸ್ತಕ ಓದೆಂದರೆ ಅದೀಗ ನಿಜವಲ್ಲ ತಾತ ಎನ್ನುತ್ತಾಳೆ.

ಎದುರು ಮನೆಯ ದೊಡ್ಡ ಹುಡುಗ ಬ್ಯಾಂಕು ಸೇರಿ, ಊರೂರು ತಿರುಗಿ, ಈಗ ದಿಲ್ಲಿಯಲ್ಲೇ ಇದ್ದಾನೆ. ಪೇಟ ಕಟ್ಟುತ್ತಾನೆ. ದೀಪಾವಳಿಗೆ ಬರುವುದನ್ನು ತಪ್ಪಿಸಿಲ್ಲ. ಒಮ್ಮೆ ಹಿಂಜರಿಯುತ್ತಲೇ ಈ ಪುಸ್ತಕವನ್ನು ಕೊಟ್ಟು, ೧೯೮೪ರ ಪುಟಗಳಿಗೆ ಗುರುತಿಟ್ಟು, ಬೇಕಾದರೆ ಓದು ಎಂದೆವು. ತಿಂಗಳಾದ ಮೇಲೆ ವಾಪಸು ತಂದ. ಪೂರ್ತಿ ಓದಿದ್ದ. ಆ ಹುಡುಗ ಕೊನೆಯವರೆಗೂ ತಾಯಿಯನ್ನೇ ನೆನೆಯುತ್ತಾನಲ್ಲ, ಅದು ಸರಿಯಾಗಿದೆ ಎಂದ. ಆಮೇಲೆ ನಮ್ಮ ತಾಯಿಯವರ ಫೋಟೋ ಇರುವ ಗೋಡೆಯ ಕಡೆ ನೋಡಿ, ಆ ಮೂರು ದಿನ ಉಗ್ರಾಣದಲ್ಲಿ ಅಜ್ಜಿ ನಮಗೆ ತಿನ್ನಲು ಕೊಟ್ಟರಲ್ಲ, ಬೆಲ್ಲ ಹಚ್ಚಿದ ಅವಲಕ್ಕಿ, ಅದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದ.